ಹುಗ್ಗಿ ಪಾತೇಲಿಯ ಖಟ್ಲೆ

ಒಂದು ಪಾತೇಲಿ ಹುಗ್ಗಿ ತಾನಾಗಿ ಉರುಳಿತೋ, ಯಾರಾದರೂ ಉರುಳಿಸಿದರೋ ಎಂಬುದು ನಮ್ಮೂರಿನ ನ್ಯಾಯಾಲಯ ಇದುವರೆಗೆ ಎದುರಿಸಿದ ಪ್ರಶ್ನೆಗಳಲ್ಲೆಲ್ಲ ಅತ್ಯಂತ ಗಹನವಾದದ್ದು. ಹಗುರವಾಗಿ ಹೇಳುತ್ತಿಲ್ಲ. ಇದೇ ಕೋರ್ಟಿನಲ್ಲಿ ಕೆರೆ ಯಾರ ಪಾಲಿಗೆ ಹೋಗಬೇಕೆಂದು ತೀರ್ಮಾನವಾಗಿದೆ. ಅಣ್ಣತಮ್ಮಂದಿರು ನಡುಮನೆಯ ನಟ್ಟನಡುವೆ ಗೋಡೆ ಎಬ್ಬಿಸಿಕೊಂಡು ಹೋಗಿದ್ದಾರೆ. ಬದುಕಿದ್ದ ಗೃಹಸ್ಥರೊಬ್ಬರು ತಾವು ಸತ್ತಿಲ್ಲವೆಂದು ಸಾಬೀತು ಮಾಡಲಾಗದೆ ಮನೆಗೆ ಹೋಗಿ ಮಲಗಿಬಿಟ್ಟಿದ್ದಾರೆ. ಅವೆಲ್ಲ ಒಂದೆರಡು ವಾಯಿದೆಗಳಲ್ಲಿ ಮುಗಿದ ಮಾತು. ಹುಗ್ಗಿಯ ಮಾತು ಮಾತ್ರ ಅಷ್ಟು ಬೇಗ ಮುಗಿಯಲಿಲ್ಲ. ಆ ಕೋರ್ಟಿನ ಬೆಂಚ್ ಕ್ಲಾರ್ಕ್ ಕಟ್ಟಿಮನಿ ಎಂದರೆ ನಾನು. ಕಾಗದ ನೋಡಿಕೊಳ್ಳುವುದರ ಜೊತೆಗೆ ಟಿ.ವಿ. ಒರೆಸುವುದು, ವೈರು ಸಿಕ್ಕಿಸುವುದು, ಸಾಕ್ಷಿಯ ವಿಡಿಯೋ ಹಚ್ಚುವುದು, ಆರಿಸುವುದು ನನ್ನ ಪಾಲಿಗೇ ಬಿದ್ದಿದೆ. ಹೀಗಾಗಿ ಈ ಖಟ್ಲೆಯಲ್ಲಿ ವಾದಿ ಪ್ರತಿವಾದಿಗಳಿಗಿಂತ ಹೆಚ್ಚು ದಣಿದವನು ನಾನೇ ಎಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ನಮ್ಮ ಕೋರ್ಟು ಇರುವುದು ಹಿಂದೆ ಹತ್ತಿ ಹಿಂಜುತ್ತಿದ್ದ ಗಿರಣಿಯಲ್ಲಿ. ಗಿರಣಿ ಮುಚ್ಚಿ ಎಷ್ಟೋ ಕಾಲವಾದರೂ ಜಂತಿಯ ಸಂದಿಯಿಂದ ಇನ್ನೂ ಹತ್ತಿಯ ಎಳೆ ಉದುರುತ್ತದೆ. ವಾದ ಜೋರಾದಷ್ಟೂ ಹೆಚ್ಚು ಉದುರುತ್ತದೆ. ಸಂಜೆ ಯಾರ ಕರಿ ಕೋಟು ಹೆಚ್ಚು ಬೆಳ್ಳಗಾಗಿದೆಯೋ ಆ ವಕೀಲರು ಅಂದು ಚೆನ್ನಾಗಿ ವಾದಿಸಿದ್ದಾರೆಂದು ಕಕ್ಷಿದಾರರು ತಿಳಿದು ನೆಮ್ಮದಿಯಿಂದ ಮನೆಗೆ ಹೋಗುತ್ತಾರೆ.

ನಮ್ಮೂರಿನಲ್ಲಿ ಚಿತ್ರದೊಳಗಿನವರಿಗೆ ತಮ್ಮನ್ನು ಯಾರು ನೋಡುತ್ತಿದ್ದಾರೆಂಬುದು ಗೊತ್ತಾಗುತ್ತದೆ. ಬೇರೆ ಊರುಗಳಲ್ಲಿ ಹಾಗಿಲ್ಲವಂತೆ. ಅಲ್ಲಿಯ ಫೋಟೋಗಳು ಯಾರು ಬಂದರೂ ಯಾರು ಹೋದರೂ ಒಂದೇ ಸಮ ಹಲ್ಲು ಕಿರಿಯುತ್ತ ಕೂತಿರುತ್ತವಂತೆ. ಅಂಥ ಮನೆಯಲ್ಲಿ ಜನ ಹೇಗೆ ನಿದ್ದೆ ಮಾಡುತ್ತಾರೋ! ನಮ್ಮಲ್ಲಿ ಬೀಗರ ಮುಂದೆ ಮದುವೆಯ ಆಲ್ಬಮ್ ಬಿಚ್ಚಿದರೆ ಪಂಕ್ತಿಯ ಫೋಟೋದಲ್ಲಿ ಹೆಣ್ಣಿನ ಕಡೆಯವರು ತಿನ್ನುವ ತುತ್ತು ಬಿಟ್ಟು ಎದ್ದು ನಿಲ್ಲುತ್ತಾರೆ. ಪಾಪ, ಉಣ್ಣಲಿ ಎಂದು ಬಲ್ಲವರು ಆ ಪುಟವನ್ನು ಬೇಗ ಮಗುಚುತ್ತಾರೆ. ಶಾಲೆಯ ಗ್ರೂಪ್ ಫೋಟೋ ಹೆಡ್‌ಮಾಸ್ತರರ ಕೋಣೆಯಲ್ಲಿದ್ದಾಗ ಎಲ್ಲರೂ ಕೋಲು ನುಂಗಿದವರ ಹಾಗೆ ಕೂತಿರುತ್ತಾರೆ. ಅದೇ ಫೋಟೋ ಮನೆಗೆ ಬಂದರೆ ಹಿಂದಿನ ಸಾಲಿನವರು ಮುಂದಿನವರ ತಲೆಗೆ ಕೊಂಬು ಮೂಡಿಸುತ್ತಿರುತ್ತಾರೆ. ಚುನಾವಣೆಯ ಫ್ಲೆಕ್ಸುಗಳಲ್ಲಿ ಕೈ ಮುಗಿದಿದ್ದ ಮುಖಂಡರು ಮತ ಎಣಿಕೆಯ ಮರುದಿನ ರಸ್ತೆಗೆ ಬೆನ್ನು ಹಾಕುತ್ತಾರೆ. ಇದಕ್ಕೆಲ್ಲ ನಾವು ಹೊಂದಿಕೊಂಡಿದ್ದೇವೆ. ತೊಂದರೆ ಇರುವುದು ಕೋರ್ಟಿನಲ್ಲಿ. ಜಜ್ಜರ ಎದುರು ಕೆಟ್ಟದ್ದು ಮಾಡುವಷ್ಟು ಎದೆಗಾರಿಕೆ ನಮ್ಮವರಿಗಿಲ್ಲ, ವಿಡಿಯೋದೊಳಗಿದ್ದರೂ ಅಷ್ಟೆ. ನಮ್ಮ ಕೋರ್ಟಿನಲ್ಲಿ ತೋರಿಸಿದ ಯಾವ ವಿಡಿಯೋದಲ್ಲೂ ಇಲ್ಲಿಯವರೆಗೆ ಒಂದೇ ಒಂದು ಅಪರಾಧ ನಡೆದಿಲ್ಲ.

ಹಾಗಿದ್ದರೆ ಕಣ್ಣಾರೆ ಕಂಡವರನ್ನು ಕರೆದು ಕೇಳಿದರಾಯಿತಲ್ಲ ಎನ್ನಬಹುದು. ಆಗುವುದಿಲ್ಲ. ವಿಡಿಯೋ ಇರುವ ಖಟ್ಲೆಯಲ್ಲಿ ಬಾಯಿಸಾಕ್ಷಿ ತೆಗೆದುಕೊಳ್ಳಬಾರದೆಂದು ಮೇಲಿನವರು ಸುತ್ತೋಲೆ ಕಳಿಸಿದ್ದಾರೆ. ಬಾಯಿ ಸುಳ್ಳಾಡುತ್ತದೆ, ಕ್ಯಾಮರಾ ಆಡುವುದಿಲ್ಲ ಎಂದು ಅದರಲ್ಲಿ ದಪ್ಪ ಅಕ್ಷರದಲ್ಲಿ ಬರೆದಿದೆ. ಮೇಲಿನವರು ನಮ್ಮೂರಿಗೆ ಬಂದವರಲ್ಲ.

ಕೋರ್ಟಿನ ಗೇಟಿನ ಎಡಮೂಲೆಯಲ್ಲಿ ಶಾವಂತ್ರೆವ್ವನ ಗಾಡಿ ನಿಲ್ಲುತ್ತಿತ್ತು. ಅಗಲ ಬಾಯಿಯ ಪಾತೇಲಿಯ ತುಂಬ ಗೋಧಿ ಹುಗ್ಗಿ, ಮೇಲೆ ತುಪ್ಪ, ಕೇಳಿದರೆ ಗಸಗಸೆ. ವಾಯಿದೆಗೆ ಬಂದವರು ಬಾಯಿ ಸಿಹಿ ಮಾಡಿಕೊಂಡೇ ಒಳಗೆ ಹೋಗಬೇಕೆಂಬುದು ಇಲ್ಲಿಯ ಪದ್ಧತಿ. ಎರಡೂ ಕಡೆಯವರು ತಿನ್ನುತ್ತಾರೆ, ಒಂದು ಕಡೆಯವರು ಸೋಲುತ್ತಾರೆ, ಆದರೂ ಪದ್ಧತಿಯ ಮೇಲಿನ ನಂಬಿಕೆ ಕುಂದಿಲ್ಲ. ಶಾವಂತ್ರೆವ್ವನ ಅತ್ತೆಯೂ ಅಲ್ಲೇ ಮಾರುತ್ತಿದ್ದಳು. ಅತ್ತೆ ಹೋಗಿ, ಗಂಡನೂ ಹೋದ ಮೇಲೆ ಆಕೆಗೆ ಹೊಲ ಎಂದರೂ ಅದೇ, ಮನೆತನ ಎಂದರೂ ಅದೇ. ಹುಗ್ಗಿಯ ಸಿಹಿ ಆಕೆಯ ಮಾತಿಗೆ ಇಳಿದಿರಲಿಲ್ಲ. ಆಕೆ ಬೈದರೆ ಬೈಸಿಕೊಂಡವನ ಹಿಂದಿನ ಮೂರು ತಲೆಮಾರು ಎದ್ದು ಕೂತು ಕೇಳಿಸಿಕೊಳ್ಳಬೇಕು, ಹಾಗೆ.

ಗಾಡಿಯ ಹಿಂದೆಯೇ ಈರಸಂಗಪ್ಪನ ಫೋಟೋ ಸ್ಟುಡಿಯೋ. ಅಫಿಡವಿಟ್ಟಿಗೆ ಬೇಕಾಗುವ ಫೋಟೋಗಳೆಲ್ಲ ಅಲ್ಲೇ ಆಗಬೇಕು. ಈರಸಂಗಪ್ಪ ಕೆಟ್ಟವನೇನಲ್ಲ, ವರ್ಷಗಟ್ಟಲೆ ಜನರ ಗದ್ದ ಹಿಡಿದು ಆಚೀಚೆ ತಿರುಗಿಸಿದ್ದರಿಂದ ಊರಿನ ಗದ್ದಗಳೆಲ್ಲ ತನ್ನವೇ ಎಂಬ ಭಾವನೆ ಬೆಳೆದಿತ್ತು, ಅಷ್ಟೆ. ಅವನ ಸಂಕಟಕ್ಕೆ ಕಾರಣವಿಲ್ಲದೆ ಇರಲಿಲ್ಲ. ಬೆಳಿಗ್ಗೆ ಶಾವಂತ್ರೆವ್ವ ಪಾತೇಲಿಯ ಮುಚ್ಚಳ ತೆಗೆದಳೆಂದರೆ ಸ್ಟುಡಿಯೋದ ಶೋಕೇಸಿನಲ್ಲಿದ್ದ ಫೋಟೋಗಳೆಲ್ಲ ಆ ಕಡೆ ಹೊರಳುತ್ತಿದ್ದವು. ಮದುಮಗಳು ಹೊರಳುತ್ತಿದ್ದಳು, ನಿವೃತ್ತ ಮಾಸ್ತರರು ಕನ್ನಡಕ ಏರಿಸಿಕೊಂಡು ಹೊರಳುತ್ತಿದ್ದರು, ಬೋರಲು ಮಲಗಿಸಿ ತೆಗೆದ ಕೂಸು ತೆವಳುತ್ತ ಚೌಕಟ್ಟಿನ ಅಂಚಿಗೆ ಬಂದಿರುತ್ತಿತ್ತು. ಬಂದ ಗಿರಾಕಿಗೆ ಕಾಣುತ್ತಿದ್ದುದು ಬರೀ ಕಿವಿಗಳ ಸಾಲು.

“ನಿನ್ನ ಹುಗ್ಗಿ ಸಲುವಾಗಿ ನನ್ನ ಅಂಗಡ್ಯಾಗ ಒಂದು ಮಾರಿ ಉಳದಿಲ್ಲಬೇ. ಬರೇ ಕಿವಿ. ಕಿವಿ ನೋಡಿ ಯಾವ ಮಗ ಫೋಟೋ ತಗಸ್ತಾನ?” ಎಂದು ಅವನು.

“ಹಸದಾವೋ ಏನೋ ಪಾಪ. ನೀ ಅವಕ್ಕ ಮುಂಜಾನೆದ್ದು ಏನರ ಹಾಕೀಯೇನು?” ಎಂದು ಇವಳು.

“ಗಾಡಿ ಆ ಕಡೆ ತಗೀ ಅಂದ್ರ ತಗೀ.”

“ನಿನ್ನ ಅಂಗಡಿನ ಈ ಕಡೆ ತಿರುವು. ಅದಕ್ಕೇನು ಗಾಲಿ ಇಲ್ಲೇನು? ಇಲ್ಲಂದ್ರ ನಿನ್ನ ತಲಿಗೆ ಹಚ್ಚಿಸ್ಕೊ, ಹೆಂಗೂ ತಿರಗಾಕತ್ತೈತಿ.”

ಇದು ನಿತ್ಯದ ಸುಪ್ರಭಾತ. ಒಂದು ಸೋಮವಾರ ಶಾವಂತ್ರೆವ್ವ ಇದಕ್ಕಿಂತ ಮುಂದೆ ಹೋಗಿ ಅವನ ಅಜ್ಜನ ಮೀಸೆಯ ವಿಷಯ ತೆಗೆದಳು. ಈರಸಂಗಪ್ಪ ಪಂಚೆ ಎತ್ತಿ ಕಟ್ಟಿ, ಬಂದು, ಪಾತೇಲಿಯನ್ನು ಒದ್ದ. ಹುಗ್ಗಿ ನೆಲದ ಪಾಲಾಯಿತು. ಮಧ್ಯಾಹ್ನದ ಹೊತ್ತಿಗೆ ಅವಳ ಮೂಲೆಯಲ್ಲಿ ಅವನ ಸ್ಟುಡಿಯೋದ ಕಬ್ಬಿಣದ ಫಲಕ ನಿಂತಿತ್ತು. ಶಾವಂತ್ರೆವ್ವ ಗಾಡಿ ತಳ್ಳಿಕೊಂಡು ಹಿಂದಿನ ಗಲ್ಲಿಗೆ ಹೋದಳು. ಆ ಗಲ್ಲಿಗೆ ತೆರೆಯುವುದು ಕೋರ್ಟಿನ ಹಿಂಬಾಗಿಲು. ನಾಚಿಕೆಗೆ ಅಂಜಿ ಸೋತವರು ಮಾತ್ರ ಆ ಬಾಗಿಲಿನಿಂದ ಹೊರಗೆ ಹೋಗುತ್ತಾರೆ, ಸೋತವರು ಸಿಹಿ ತಿನ್ನುವುದಿಲ್ಲ. ಹುಗ್ಗಿ ಸಂಜೆಯತನಕ ಪಾತೇಲಿಯಲ್ಲೇ ಉಳಿದು ಗಟ್ಟಿಯಾಗುತ್ತಿತ್ತು. ಹೀಗೇ ನಡೆದರೆ ಬರುವ ಹಬ್ಬದ ಹೊತ್ತಿಗೆ ಗಾಡಿಯನ್ನೇ ಮಾರಿಬಿಡುವುದೆಂದು ಆಕೆ ನನ್ನ ಮುಂದೆ ಅಂದದ್ದುಂಟು. ಆಕೆಯ ಬಾಯಲ್ಲಿ ಅಷ್ಟು ಮೆತ್ತಗಿನ ಮಾತು ನಾನು ಕೇಳಿದ್ದು ಅದೇ ಮೊದಲು.

ಒದ್ದದ್ದಕ್ಕೆ ವಿಡಿಯೋ ಇತ್ತು. ಅದೇ ಆಕೆಯ ದುರದೃಷ್ಟ. ಹೊಸ ಟೆಂಪೋಗೆ ಹಾರ ಹಾಕಿಸಿ, ಗೇಟಿನ ಮುಂದೆ ನಿಲ್ಲಿಸಿಕೊಂಡು ಅದನ್ನು ಚಿತ್ರಿಸುತ್ತಿದ್ದ ಚಾಲಕನೊಬ್ಬನ ಮೊಬೈಲಿನಲ್ಲಿ ಎಲ್ಲವೂ ಬಿದ್ದಿತ್ತು. ಊರಿನವರೆಲ್ಲ ಅದನ್ನು ತಂತಮ್ಮ ಮನೆಗಳಲ್ಲಿ ನೋಡಿದ್ದರು. ಒದೆ ಬೀಳುವ ತನಕ ನೋಡುವುದು, ಮತ್ತೆ ಹಿಂದಕ್ಕೆ ಎಳೆದು ಒದೆಯಿಂದಲೇ ನೋಡುವುದು. ನನ್ನ ಹೆಂಡತಿ ಅದನ್ನು ಉಪ್ಪಿಟ್ಟು ಕೆದಕುತ್ತ ಎಷ್ಟು ಸಲ ನೋಡಿದಳೋ, ಉಪ್ಪಿಟ್ಟು ತಳ ಹಿಡಿಯಿತು.

ಶಾವಂತ್ರೆವ್ವನ ಪರವಾಗಿ ಬಿಲ್ಕಿಸ್ ನದಾಫ್ ದಾವೆ ಹೂಡಿದರು. ಇನ್ನೂ ಹೊಸ ವಕೀಲೆ, ನ್ಯಾಯದ ಮೇಲೆ ನಂಬಿಕೆ ಇಟ್ಟುಕೊಂಡಿದ್ದವರು. ಈರಸಂಗಪ್ಪನ ಕಡೆಗೆ ಹಣಮಸಾಗರ ವಕೀಲರು. ಹಳೆಯ ತಲೆ, ಹಳೆಯ ಕೋಟು. ತಮ್ಮ ಕಕ್ಷಿದಾರ ಒದ್ದೇ ಇಲ್ಲ, ಪಾತೇಲಿ ತಾನಾಗಿ ಉರುಳಿತು, ಆಕೆ ಸ್ವಂತ ಮನಸ್ಸಿನಿಂದ ಹಿಂದಿನ ಗಲ್ಲಿಯ ನೆರಳಿಗೆ ಹೋದಳು, ಖಾಲಿ ಬಿದ್ದ ಮೂಲೆಯಲ್ಲಿ ಅವನು ಫಲಕ ಇಟ್ಟ ಎಂಬುದು ಅವರ ವಾದ. ಒದ್ದದ್ದು ಸಾಬೀತಾದರೆ ಮೂಲೆ ಆಕೆಗೆ, ಇಲ್ಲವಾದರೆ ಅವನಿಗೆ. ಪೀಠದಲ್ಲಿ ಜಜ್ಜರು, ಅವರಾದಿ ಸಾಹೇಬರು. ನಿವೃತ್ತಿಗೆ ಹತ್ತಿರವಿದ್ದ ಅವರು ಕೂತಲ್ಲೇ ಕಣ್ಣು ಮುಚ್ಚಿ ಕೇಳುತ್ತಿದ್ದರು. ನಿದ್ದೆಯಲ್ಲ ಅದು, ಬೇಸರ.

ಮೊದಲ ದಿನ ನಾನು ವಿಡಿಯೋ ಹಚ್ಚಿದೆ. ಈರಸಂಗಪ್ಪ ಪರದೆಯೊಳಗೆ ಬಿರುಗಾಳಿಯಂತೆ ಬಂದ. ನಾಲ್ಕು ಹೆಜ್ಜೆ ಬಂದವನು ಥಟ್ಟನೆ ನಮ್ಮ ಕಡೆ ನೋಡಿದ. ಎತ್ತಿ ಕಟ್ಟಿದ ಪಂಚೆ ಇಳಿಬಿಟ್ಟ, ಚಪ್ಪಲಿ ಕಳೆದ, ಪಾತೇಲಿಯ ಪಕ್ಕದಲ್ಲಿ ನಿಂತು ಪೀಠಕ್ಕೆ ನಮಸ್ಕಾರ ಮಾಡಿದ. ಸುತ್ತ ನಿಂತವರು ಬೀಡಿ ಒಗೆದು ಸಾಲಾಗಿ ನಿಂತರು. ಪರದೆಯೊಳಗಿನ ಶಾವಂತ್ರೆವ್ವ ತಲೆ ತುಂಬ ಸೆರಗು ಹೊದ್ದು ನೆಲ ನೋಡಿದಳು.

“ಸಾಕು,” ಎಂದರು ಸಾಹೇಬರು. ನಾನು ನಿಲ್ಲಿಸಿದೆ.

ಹಣಮಸಾಗರ ಎದ್ದು, “ಕ್ಯಾಮರಾ ಸುಳ್ಳು ಹೇಳಂಗಿಲ್ರಿ ಮಹಾಸ್ವಾಮಿ,” ಎಂದಷ್ಟೇ ಹೇಳಿ ಕೂತರು.

ಶಾವಂತ್ರೆವ್ವ ತಡೆಯಲಿಲ್ಲ. “ಅದರಾಗಿರೋದು ನಾ ಅಲ್ರೀ ಸಾಹೇಬ್ರ! ನಾ ಯಾವಾಗ ಹಂಗ ಸೆರಗ ಹೊದ್ದು ನಿಂತೀನಿ? ನನ್ನ ಮದಿವ್ಯಾಗೂ ನಿಂತಿಲ್ಲ. ನಾ ಅವನ್ನ ಬಾಯಿಗೆ ಬಂದಂಗ ಬೈಯಾಕತ್ತಿದ್ದೆ!” ಆಮೇಲೆ ಟಿ.ವಿ. ಕಡೆ ತಿರುಗಿ, “ಏ, ಬಾಯಿ ಸತ್ತೈತೇನ ನಿಂದು? ಹೇಳಬಾರದ? ಯಾರ ಮನಿ ಹೆಣಮಗಳು ನೀ?” ಎಂದು ನಿಂತ ಚಿತ್ರಕ್ಕೇ ಬೈದಳು. ಚಿತ್ರದೊಳಗಿನವಳು ಸೆರಗನ್ನು ಇನ್ನಷ್ಟು ಮುಂದಕ್ಕೆಳೆದುಕೊಂಡಳು.

ಇಂಥ ಸಂದರ್ಭಗಳಿಗೆಂದೇ ನಮ್ಮಲ್ಲಿ ಒಂದು ಸೌಲಭ್ಯವಿದೆ. ಅದಕ್ಕೆ ಗೃಹಸದೃಶ ವಿಚಾರಣೆ ಎಂದು ಹೆಸರು. ಕೋರ್ಟು ಕೋರ್ಟಲ್ಲ, ಯಾರದೋ ಮನೆ ಎಂದು ವಿಡಿಯೋ ನಂಬುವಂತೆ ಮಾಡಬೇಕು. ಬಿಲ್ಕಿಸ್ ಅರ್ಜಿ ಕೊಟ್ಟರು, ಸಾಹೇಬರು ನಿಟ್ಟುಸಿರಿಟ್ಟು ಒಪ್ಪಿದರು, ಮನೆ ಮಾಡುವ ಹೊಣೆ ನನ್ನ ಮೇಲೆ ಬಿತ್ತು. ಪೀಠಕ್ಕೆ ಚಾದರ ಹೊದಿಸಿ ದಿವಾನ ಮಾಡಿದೆ. ಕಟಕಟೆಯ ಮೇಲೆ ಒದ್ದೆ ಟವೆಲು ಒಣಹಾಕಿದೆ. ದೇವರ ಕ್ಯಾಲೆಂಡರು, ಪ್ಲಾಸ್ಟಿಕ್ ಹೂ, ಮೂಲೆಯಲ್ಲಿ ಉಳ್ಳಾಗಡ್ಡಿ ಬುಟ್ಟಿ. ಬಾಗಿಲ ಪರದೆಯ ಹಿಂದೆ ಕೂತು ಬಾಯಿಂದ ಕುಕ್ಕರಿನ ಸೀಟಿ ಹೊಡೆಯಲು ಪೇದೆ ದ್ಯಾಮಣ್ಣನಿಗೆ ಹೇಳಿದೆ. ಆ ವಿದ್ಯೆಯಲ್ಲಿ ಅವನನ್ನು ಮೀರಿಸುವವರಿಲ್ಲ. ಸಾಹೇಬರು ಲುಂಗಿ ಬನಿಯನ್ನಿನಲ್ಲಿ ದಿವಾನದ ಮೇಲೆ ಕಾಲು ಚಾಚಿ ಪೇಪರು ಹಿಡಿದರು. ಬಿಲ್ಕಿಸ್ ಬೆಳ್ಳುಳ್ಳಿ ಸುಲಿಯುತ್ತ ಕೂತರು. ಹಣಮಸಾಗರರಿಗೆ ಮನೆಯ ಹಿರಿಯ ಆಳಿನ ಪಾತ್ರ ಕೊಟ್ಟಿದ್ದೆ, ಅವರು ಒಪ್ಪಲಿಲ್ಲ.

“ನಾ ಅಳಿಯ ಆಗ್ತೀನಿ.”

“ವಕೀಲರ, ನೀವು ಸಾಹೇಬ್ರಗಿಂತ ದೊಡ್ಡಾವ್ರದೀರಿ. ಅಳಿಯ ಹೆಂಗ ಆಗ್ತೀರಿ?” ಎಂದೆ.

“ಎರಡನೇ ಸಂಬಂಧ ಅನ್ರಿ. ಅಳಿಯ ಅಂದ್ರ ಕುರ್ಚಿ ಸಿಗತೈತಿ. ಆಳಾದ್ರ ನೆಲಕ್ಕ ಕುಂದ್ರಬೇಕು, ನನಗ ಮೊಣಕಾಲ ಬ್ಯಾನಿ.”

ಈ ಚರ್ಚೆಯಲ್ಲಿ ಊಟದ ಹೊತ್ತಾಯಿತು. ಕೊನೆಗೆ ಹಣಮಸಾಗರ ಅಳಿಯನಾಗಿ ಕುರ್ಚಿಯಲ್ಲಿ ಕೂತರು. ನಾನು ವಿಡಿಯೋ ಹಚ್ಚಿದೆ. ದ್ಯಾಮಣ್ಣ ಸೀಟಿ ಹೊಡೆದ. ಪರದೆಯೊಳಗಿನವರು ಒಮ್ಮೆ ಈ ಕಡೆ ನೋಡಿದರು. ಬನಿಯನ್ನು, ಬೆಳ್ಳುಳ್ಳಿ, ಟವೆಲು ಕಂಡು ಅವರ ಹೆಗಲು ಸಡಿಲಾಯಿತು. ಶಾವಂತ್ರೆವ್ವ ಸೊಂಟದ ಮೇಲೆ ಕೈಯಿಟ್ಟು ಅವನ ಅಜ್ಜನ ಮೀಸೆಗೆ ಬಂದಳು. ಈರಸಂಗಪ್ಪ ಪಂಚೆ ಎತ್ತಿ ಕಟ್ಟಿದ. ಬಂದ. ಕಾಲೆತ್ತಿದ.

“ಆಕ್ಷೇಪಣೆ ಐತ್ರಿ ಮಹಾಸ್ವಾಮಿ!” ಎಂದರು ಅಳಿಯ.

ಗಾಳಿಯಲ್ಲಿದ್ದ ಕಾಲು ಒಂದು ಕ್ಷಣ ಯೋಚಿಸಿತು. ಆಮೇಲೆ ಮೆಲ್ಲಗೆ ಕೆಳಗಿಳಿಯಿತು. ನಮಸ್ಕಾರ.

ಸಾಹೇಬರು ಪೇಪರು ಕೆಳಗಿಟ್ಟರು. ಬನಿಯನ್ನಿನಲ್ಲಿದ್ದ ಮನುಷ್ಯ ಅಷ್ಟು ಭಯ ಹುಟ್ಟಿಸುವುದನ್ನು ನಾನು ಕಂಡಿರಲಿಲ್ಲ. “ಬೇಕಂತ ಅಂದ್ರೇನು ನೀವು?”

“ದೇವರಾಣಿಗೂ ಇಲ್ರಿ. ಬಾಯಾಗ ಬಂದಬಿಡತೈತಿ. ಮನ್ಯಾಗ ಹೆಂಡ್ತಿ ಪಲ್ಯಾ ನೀಡಿದ್ರೂ ಹಂಗ ಅಂತೀನಿ. ಅಕಿ ಬಿಟ್ಟು ತವರಿಗೆ ಹೋಗ್ಯಾಳ್ರಿ ಅದಕ್ಕ.” ಅವರು ನಿಜವಾಗಿಯೂ ನೊಂದುಕೊಂಡಿದ್ದರು. ಆದರೆ ವಕೀಲರು ವಕೀಲರೇ, ಮರುಗಳಿಗೆಯಲ್ಲಿ ಚೇತರಿಸಿಕೊಂಡು, “ಇರಲಿ, ಕಾಲು ಎತ್ತಿದ್ದು ಯಾಕ ಅಂದ್ರ ಚಪ್ಪಲಿ ಕಳೀಲಿಕ್ಕೆ. ಅನ್ನದ ಮುಂದ ಚಪ್ಪಲಿ ಬ್ಯಾಡ ಅಂತ. ಎಷ್ಟು ಸಂಸ್ಕಾರ ನೋಡ್ರಿ,” ಎಂದರು.

ಎರಡನೆಯ ಪ್ರಯತ್ನ ಮದುವೆಮನೆಯದು. ಅಂಗಳದಲ್ಲಿ ಚಪ್ಪರ ಹಾಕಿ, ಎಲೆ ಹಾಸಿ, ಅಡುಗೆ ಬಡಿಸಿ, ಪಂಕ್ತಿಯ ಎದುರಿಗೆ ಟಿ.ವಿ. ಇಟ್ಟೆವು. ಹಣಮಸಾಗರರು ಬಾಯಿಗೆ ಕರವಸ್ತ್ರ ಕಟ್ಟಿಕೊಂಡು ಕೂತರು. ಎಲ್ಲವೂ ಸರಿಯಾಗಿತ್ತು. ಆದರೆ ಸಾಹೇಬರು ಎಲೆಗೆ ಕೈ ಹಾಕುವವರೆಗೆ ಪಂಕ್ತಿಯಲ್ಲಿ ಒಬ್ಬರೂ ಕೈ ಹಾಕಲಿಲ್ಲ. ಹಸಿದ ಮದುವೆಮನೆಯಲ್ಲಿ ಹಾಗೆ ಎಲ್ಲಾದರೂ ಉಂಟೆ? ವಿಡಿಯೋದೊಳಗಿನವರು ದಡ್ಡರಲ್ಲ. ಒಮ್ಮೆ ಪಂಕ್ತಿಯನ್ನು ನೋಡಿದರು, ಒಮ್ಮೆ ಸಾಹೇಬರ ಎಲೆಯನ್ನು ನೋಡಿದರು, ಸಾಲಾಗಿ ನಿಂತರು.

ಆಮೇಲೆ ಶುರುವಾದದ್ದು ಇನ್ನೂ ದೊಡ್ಡ ತಲೆಬೇನೆ. ಕೋರ್ಟಿಗೆ ಬಂದು ಬಂದು ವಿಡಿಯೋಗೆ ರೂಢಿಯಾಗತೊಡಗಿತು. ಯಾವ ಸಾಕ್ಷಿಯೂ ಹಾಗೆಯೇ. ಮೊದಲ ದಿನ ತೊದಲುತ್ತಾನೆ, ಆಮೇಲೆ ಬಾಯಿಪಾಠ ಒಪ್ಪಿಸುತ್ತಾನೆ. ಬರಬರುತ್ತ ಪರದೆಯೊಳಗಿನ ಈರಸಂಗಪ್ಪ ಹಣೆಗೆ ವಿಭೂತಿ ಬಳಿದುಕೊಂಡೇ ಬರತೊಡಗಿದ. ಒಂದು ವಾಯಿದೆಯಲ್ಲಿ ಅವನು ಶಾವಂತ್ರೆವ್ವನ ಕೈಯಿಂದ ಸೌಟು ಇಸಿದುಕೊಂಡು ಹುಗ್ಗಿ ತಳ ಹಿಡಿಯದಂತೆ ತಿರುವಿಕೊಟ್ಟ. ಇನ್ನೊಂದರಲ್ಲಿ ಆಕೆಗೆ ಕೊಡೆ ಹಿಡಿದ. ಇದನ್ನೆಲ್ಲ ನೋಡುತ್ತ ಹೊರಗಿನ ಈರಸಂಗಪ್ಪ ಕರಗಿಹೋದ. “ನಾ ಇಷ್ಟು ಛಲೋ ಮನಶ್ಯಾ ಅದೀನಂತ ನನಗ ಗೊತ್ತಿರಲಿಲ್ಲೋ ಕಟ್ಟಿಮನಿ,” ಎಂದು ಕಣ್ಣೊರೆಸಿಕೊಂಡ. ನಟಿಸುತ್ತಿದ್ದಾನೆಂದು ನಾನು ಮೊದಲು ತಿಳಿದಿದ್ದೆ, ಇಲ್ಲ, ಅವನಿಗೆ ತನ್ನ ಮೇಲೆ ನಿಜವಾಗಿ ಅಭಿಮಾನ ಬಂದುಬಿಟ್ಟಿತ್ತು.

ಊರಿನವರ ನಾಲಿಗೆಯೂ ಹೊರಳಿತು. ಮನೆಯಲ್ಲಿ ಒದೆಯನ್ನು ನೋಡಿ ನಕ್ಕವರೇ ಈಗ, “ಕೋರ್ಟಿನ್ಯಾಗ ಬ್ಯಾರೇನ ಬಂತಂತಲ್ಲ. ಅದೂ ಖರೇನ ಇರಬೇಕು,” ಎನ್ನತೊಡಗಿದರು. ಹಿಂದಿನ ಗಲ್ಲಿಯಲ್ಲಿ ಯಾರೋ ಶಾವಂತ್ರೆವ್ವನ ಗಾಡಿಗೆ ಸುಣ್ಣದಲ್ಲಿ ‘ಸುಳ್ಳವ್ವ’ ಎಂದು ಬರೆದರು. ಆಕೆ ಅದನ್ನು ತೊಳೆಯದೆ ಹಾಗೆಯೇ ಬಿಟ್ಟಳು.

“ಮುಕ್ತಾಯ ಆಗಲಿ,” ಎಂದರು ಸಾಹೇಬರು. ಕೊನೆಯ ವಾಯಿದೆ ಗೊತ್ತಾಯಿತು. ಅಂದು ನಾಟಕವಿಲ್ಲ, ಚಪ್ಪರವಿಲ್ಲ, ಕೋರ್ಟು ಕೋರ್ಟಿನಂತೆಯೇ ಕೂತಿತು. ಸಾಹೇಬರ ಮುಂದೆ ಖಾಲಿ ಹಾಳೆ ಇತ್ತು, ಅದರ ಮೇಲೆ ದಾವೆ ವಜಾ ಎಂದು ಬರೆಯುವುದಷ್ಟೇ ಬಾಕಿ. ಬಿಲ್ಕಿಸ್ ಎದ್ದು ನಿಂತರು. ಹೇಳಲು ಏನೂ ಉಳಿದಿರಲಿಲ್ಲವಾದ್ದರಿಂದ, “ಕೊನೇ ಸಲ ಒಮ್ಮೆ ವಿಡಿಯೋ ನೋಡಬೇಕ್ರಿ,” ಎಂದರು.

“ಏನು ಉಳದೈತವಾ ಅದರಾಗ ನೋಡಾಕ? ಇವತ್ತ ಅವ ಅಕಿ ಕಾಲು ಒತ್ತಬಹುದು,” ಎಂದರು ಸಾಹೇಬರು. ಆದರೂ ನನಗೆ ಕೈ ಮಾಡಿದರು.

ಹಚ್ಚಿದೆ. ವಿಭೂತಿಯ ಈರಸಂಗಪ್ಪ ನಡೆದು ಬಂದ, ಪಾತೇಲಿಯ ಪಕ್ಕ ನಿಂತ, ಕೈ ಮುಗಿದ. “ಸಾಕು,” ಎಂದರು ಸಾಹೇಬರು. ನಾನು ರಿಮೋಟು ಒತ್ತಿದೆ. ನಿಲ್ಲಲಿಲ್ಲ. ರಿಮೋಟನ್ನು ಅಂಗೈಗೆ ಬಡಿದು ಒತ್ತಿದೆ, ನಿಲ್ಲಲಿಲ್ಲ. ಹಣಮಸಾಗರರ ಮೇಜಿಗೆ ಬಡಿದೆ. ವಿಡಿಯೋ ತನ್ನ ಪಾಡಿಗೆ ಮುಂದೆ ಹೋಗುತ್ತಿತ್ತು. ಇಷ್ಟು ವಾಯಿದೆಗಳಲ್ಲಿ ನಮಸ್ಕಾರದ ಆಚೆಗೆ ನಾವ್ಯಾರೂ ನೋಡಿರಲಿಲ್ಲ. ಮನೆಗಳಲ್ಲಿ ನೋಡಿದವರೂ ಒದೆಯ ಆಚೆಗೆ ಹೋಗಿರಲಿಲ್ಲ. ಆಚೆಗೆ ಇದ್ದದ್ದು ಏನೂ ಇಲ್ಲ: ಎಲ್ಲರೂ ಕೈ ಮುಗಿದುಕೊಂಡು ಸುಮ್ಮನೆ ನಿಂತಿದ್ದರು, ಹಾರ ಹಾಕಿದ ಟೆಂಪೋದ ಮೂತಿ ಒಂದಿಷ್ಟು ಕಾಣುತ್ತಿತ್ತು.

ಅಷ್ಟರಲ್ಲಿ ಟೆಂಪೋದ ಗಾಲಿಯ ಹಿಂದಿನಿಂದ ಒಂದು ನಾಯಿ ಬಂತು. ಕಂದು ಬಣ್ಣದ, ಒಂದು ಕಿವಿ ಮಡಿಚಿದ, ಯಾರ ಮನೆಯದೂ ಅಲ್ಲದ ನಾಯಿ. ಪರದೆಯೊಳಗಿನ ಅಷ್ಟೂ ಜನ ಪೀಠದ ಕಡೆ ಮುಖ ಮಾಡಿ ನಿಂತಿದ್ದರೆ ಅದು ಪೀಠಕ್ಕೆ ಬಾಲ ತೋರಿಸಿ, ಈರಸಂಗಪ್ಪನ ಬಲಗಾಲಿನ ಬಳಿ ಹೋಗಿ, ಪಾದವನ್ನು ನೆಕ್ಕತೊಡಗಿತು. ನಾಯಿಗೆ ಜಜ್ಜರೂ ಒಂದೇ, ಜಾಲಿಮರವೂ ಒಂದೇ. ಅದು ಆ ಸೋಮವಾರ ಮಾಡಿದ್ದನ್ನೇ ಇಲ್ಲಿಯೂ ಮಾಡುತ್ತಿತ್ತು. ಬೆರಳ ಸಂದಿಯಲ್ಲಿ ನೆಕ್ಕಿತು, ಹಿಮ್ಮಡಿಗೆ ಹೋಯಿತು, ಮತ್ತೆ ಬೆರಳಿಗೆ ಬಂತು. ಕೈ ಮುಗಿದು ನಿಂತ ಈರಸಂಗಪ್ಪನಿಗೆ ಅದನ್ನು ಓಡಿಸುವ ಹಾಗಿಲ್ಲ, ಜಜ್ಜರು ನೋಡುತ್ತಿದ್ದಾರೆ. ಅವನ ಮುಖ ಮಾತ್ರ ಕಿವುಚಿಕೊಳ್ಳುತ್ತಿತ್ತು.

ಕೋರ್ಟಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಇಡೀ ಖಟ್ಲೆಯಲ್ಲಿ ಹಣಮಸಾಗರರು ಬಾಯಿ ಮುಚ್ಚಿ ಕೂತಿರಬೇಕಾದ ಗಳಿಗೆ ಎಂದರೆ ಇದೊಂದೇ. ಅವರು ಎದ್ದು ನಿಂತರು.

“ಆಕ್ಷೇಪಣೆ ಐತ್ರಿ ಮಹಾಸ್ವಾಮಿ! ಆ ನಾಯಿ ನ್ಯಾಯಪೀಠಕ್ಕ ಬೆನ್ನು ಮಾಡೇತಿ. ಎಲ್ಲಾರೂ ಕೈ ಮುಗದು ನಿಂತಾಗ ಅದಕ್ಕೊಂದಕ್ಕ ಏನು ಬಂದೈತಿ? ಇದು ನ್ಯಾಯಾಂಗ ನಿಂದನೆ. ದಾಖಲ ಆಗಬೇಕು!”

ಸಾಹೇಬರು ಕಣ್ಣು ತೆರೆದರು. ಮುಂದಕ್ಕೆ ಬಾಗಿದರು. ಕನ್ನಡಕ ತೆಗೆದು ಲುಂಗಿಗೆ ಒರೆಸಲು ಹೋಗಿ, ಇವತ್ತು ಲುಂಗಿಯಿಲ್ಲವೆಂದು ನೆನಪಾಗಿ ಗೌನಿಗೆ ಒರೆಸಿಕೊಂಡರು.

“ದಾಖಲ ಮಾಡೋಣಂತ, ವಕೀಲರ. ಅದು ಏನು ನೆಕ್ಕಾಕತ್ತೈತಿ ಅಂತ ಬರಸಲಿ?”

ಬಿಲ್ಕಿಸ್ ಮೇಜಿನಿಂದ ಎದ್ದು ಟಿ.ವಿ. ಹತ್ತಿರ ಹೋದರು. “ಕಾಲಿಗೆ ಏನೋ ಮೆತ್ತೇತ್ರಿ ಸಾಹೇಬ್ರ. ದಪ್ಪಗೈತಿ. ಹಿಮ್ಮಡ ತನಕ ಐತಿ.”

“ಮಣ್ಣು ಇರಬೇಕ್ರಿ,” ಎಂದರು ಹಣಮಸಾಗರ.

“ಮಣ್ಣು ನೆಕ್ಕೋ ನಾಯಿ ಎಲ್ಲಿ ನೋಡೀರಿ?” ಎಂದರು ಬಿಲ್ಕಿಸ್.

“ಕೆಲವು ನಾಯಿ...” ಎಂದು ಹಣಮಸಾಗರರು ಶುರು ಮಾಡಿದ್ದರು. ಅದು ಎಲ್ಲಿಗೆ ಹೋಗುತ್ತಿತ್ತೋ, ಅಷ್ಟರಲ್ಲಿ ಕಟಕಟೆಯ ಪಕ್ಕದ ಬೆಂಚಿನಿಂದ ಈರಸಂಗಪ್ಪ ಎದ್ದ. ಪರದೆಯೊಳಗೆ ತನ್ನ ಕಾಲನ್ನು ನಾಯಿ ನೆಕ್ಕುವುದನ್ನು ನೋಡಿ ನೋಡಿ ಅವನ ಹೊರಗಿನ ಕಾಲು ಕುಣಿಯುತ್ತಿತ್ತು. ಎಷ್ಟೋ ದಿನಗಳಿಂದ ಅದುಮಿಟ್ಟುಕೊಂಡಿದ್ದ ಸಂಕಟವೆಲ್ಲ ಒಮ್ಮೆಲೇ ಹೊರಬಿತ್ತು.

“ಹುಗ್ಗಿ ರೀ ಸಾಹೇಬ್ರ, ಹುಗ್ಗಿ! ಕುದಿಯೋ ಹುಗ್ಗಿ! ಸಾರಾಗಿದ್ರ ಹರದು ಹೋಗ್ತಿತ್ತು, ಇದು ಅಂಟಿಕೊಂತು. ಕಿತ್ತಗೊಂಡ್ರ ತೊಗಲ ಬಂತು. ಅದರ ಮ್ಯಾಲ ಈ ನಾಯಿ! ನಾ ಮೊಣಕಾಲುದ್ದ ಹಾರಾಕತ್ತೀನಿ, ಸುತ್ತ ನಿಂತ ಮಕ್ಕಳೆಲ್ಲ ನಗ್ತಾರ. ಅಕಿ ಪಾತೇಲಿ ಬಗ್ಗೆ ಇಡೀ ಊರು ಮಾತಾಡ್ತು, ಅಕಿ ಹುಗ್ಗಿ ಬಗ್ಗೆ ಕೋರ್ಟ ಮಾತಾಡ್ತು, ನನ್ನ ಕಾಲಿನ ಬಗ್ಗೆ ಒಬ್ಬಾವರ ಕೇಳಿದ್ನ? ಇವತ್ತಿಗೂ ಬಿಸಲಾಗ ನಿಂತ್ರ ಚುರು ಚುರು ಅಂತೈತಿ!”

“ಕುಂದ್ರೋ,” ಎಂದು ಹಣಮಸಾಗರರು ಅವನ ಅಂಗಿ ಜಗ್ಗಿದರು. “ಕುಂದ್ರೋ ಮಾರಾಯ.”

ಸಾಹೇಬರ ದನಿ ಡಾಕ್ಟರರ ದನಿಯಂತೆ ಮೆತ್ತಗಾಯಿತು. “ಯಾವ ಕಾಲಪಾ?”

“ಬಲಗಾಲ್ರಿ. ಒದ್ದ ಕಾಲು.”

ಹೇಳಿದ ಮೇಲೆ ಅವನಿಗೂ ಗೊತ್ತಾಯಿತು. ಸುತ್ತ ನೋಡಿದ. ಪರದೆಯಲ್ಲಿದ್ದ ತನ್ನ ಕಡೆ ನೋಡಿದ. ಅವನು ಇನ್ನೂ ಕೈ ಮುಗಿದೇ ನಿಂತಿದ್ದ, ನಾಯಿ ಇನ್ನೂ ನೆಕ್ಕುತ್ತಲೇ ಇತ್ತು. ಈರಸಂಗಪ್ಪ ಮೆಲ್ಲಗೆ ಕೂತ.

ಮೊದಲು ಬಾಯಿ ತೆರೆದವಳು ಶಾವಂತ್ರೆವ್ವ. ಆಕೆ ಕುಣಿದಾಡಬಹುದು, ಬೈಗುಳದ ಮಳೆ ಸುರಿಸಬಹುದು ಎಂದು ನಾನು ಕಿವಿ ಗಟ್ಟಿ ಮಾಡಿಕೊಂಡಿದ್ದೆ. “ಜೇನ ಹಚ್ಚಬೇಕಿತ್ತಲ್ಲೋ ಮಬ್ಬಾ,” ಎಂದಳು. “ಸುಟ್ಟದ್ದಕ್ಕ ಯಾರರ ನೀರು ಹಾಕ್ತಾರೇನ? ಕೇಳಿದ್ರ ನಾನ ಹೇಳ್ತಿದ್ದೆ.”

“ನೀರು ಹಾಕಿದ್ದು ನಿನಗ ಹೆಂಗ ಗೊತ್ತು?” ಎಂದ ಅವನು ತಲೆ ತಗ್ಗಿಸಿಕೊಂಡೇ.

“ಗೊತ್ತಾಗಲಾರದೇನು? ನೀ ಹುಟ್ಟಾ ಮಬ್ಬ.”

“ಶಾಂತಿ, ಶಾಂತಿ,” ಎಂದು ದ್ಯಾಮಣ್ಣ ಕೋಲು ಕುಟ್ಟಿದ.

ಹಣಮಸಾಗರರು ಸೋಲನ್ನು ಅಷ್ಟು ಬೇಗ ಒಪ್ಪುವ ಜಾತಿಯವರಲ್ಲ. ಸುತ್ತೋಲೆಯ ಪ್ರತಿ ಹಿಡಿದುಕೊಂಡು, “ವಿಡಿಯೋ ಇರೋ ಖಟ್ಲೆದಾಗ ಬಾಯಿಸಾಕ್ಷಿ ನಡಿಯಂಗಿಲ್ರಿ ಮಹಾಸ್ವಾಮಿ. ನನ್ನ ಕಕ್ಷಿದಾರ ಬಾಯಿಲೆ ಏನಂದ್ರೂ ಅದು ಲೆಕ್ಕಕ್ಕಿಲ್ಲ,” ಎಂದರು.

“ಖರೆ,” ಎಂದರು ಸಾಹೇಬರು. “ಆದ್ರ ಅವ ಸಾಕ್ಷಿ ಹೇಳಲಿಲ್ಲಲ್ರಿ. ನಾಯಿ ಮ್ಯಾಲ ನೀವು ತಕರಾರು ಮಾಡಿದ್ರಿ. ಆ ತಕರಾರಿಗೆ ನಿಮ್ಮ ಕಕ್ಷಿದಾರ ವಿವರಣೆ ಕೊಟ್ಟ. ತಕರಾರು ದಾಖಲ ಮಾಡ್ರಿ ಅಂದಾವ್ರು ನೀವ. ಮಾಡ್ತೀನಿ.” ನನ್ನ ಕಡೆ ತಿರುಗಿದರು. “ಬರಕೋ ಕಟ್ಟಿಮನಿ. ನಾಯಿ, ಕಂದು. ಕಾಲು, ಬಲಗಡೀದು, ಒದ್ದದ್ದು. ಮೆತ್ತಿದ್ದು, ಹುಗ್ಗಿ. ಮತ್ತ ಆ ಟಿ.ವಿ. ಬಂದ್ ಮಾಡಪಾ, ಪಾಪ ಅದರಾಗಿನಾವ ಎಷ್ಟೊತ್ತು ನೆಕ್ಕಿಸ್ಕೊತಾನ.”

ರಿಮೋಟು ನಡೆಯಲಿಲ್ಲ. ನಾನು ವೈರು ಕಿತ್ತೆ.

ತೀರ್ಪು ಅಂದೇ ಸಂಜೆ ಓದಲಾಯಿತು. ದಾವೆ ಮಂಜೂರಾಯಿತು, ಈರಸಂಗಪ್ಪ ಫಲಕ ಎತ್ತಿಕೊಂಡು ಹೋದ, ಶಾವಂತ್ರೆವ್ವ ಮರುದಿನ ಬೆಳಿಗ್ಗೆ ಮೂಲೆಯಲ್ಲಿ ಗಾಡಿ ನಿಲ್ಲಿಸಿದಳು.